ರಜೆಗೆ ಬಂದವರ ಕ್ಯಾಮೆರಾ: ಮಲೆನಾಡಿನ ಚಳಿಗಾಲವನ್ನೂ ಮನೆಯವರನ್ನೂ ಚಿತ್ರಿಸುವ ಬಗೆ

ಕ್ರಿಸ್‌ಮಸ್ ರಜೆಯಿಂದ ಸಂಕ್ರಾಂತಿಯವರೆಗಿನ ಮೂರು ವಾರಗಳಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಸಿದ್ದಾಪುರದ ಕಡೆಯ ಹಳ್ಳಿಮನೆಗಳು ತುಂಬಿಕೊಳ್ಳುತ್ತವೆ. ಊರು ಬಿಟ್ಟು ಹೋದ ಮಕ್ಕಳು, ಮೊಮ್ಮಕ್ಕಳು ಹಿಂದಿರುಗುತ್ತಾರೆ, ಅವರ ಕೈಯಲ್ಲಿ ಒಂದಲ್ಲ ಒಂದು ಕ್ಯಾಮೆರಾ ಇದ್ದೇ ಇರುತ್ತದೆ. ಆದರೂ ರಜೆ ಮುಗಿದ ಮೇಲೆ ತೆರೆದು ನೋಡಿದರೆ ಮಂಜಿನ ಚಿತ್ರಗಳು ಮಂಕಾದ ಬೂದುಬಣ್ಣಕ್ಕೆ ತಿರುಗಿರುತ್ತವೆ, ಮನೆಯವರ ಚಿತ್ರಗಳಲ್ಲಿ ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತಿರುತ್ತಾರೆ. ಬಂದವರಿಗೆ ರಜೆಯಾದ ಈ ದಿನಗಳು ಮನೆಯಲ್ಲಿರುವವರಿಗೆ ಅಡಿಕೆ ಕೊಯ್ಲಿನ ಬಿರುಸಿನ ದಿನಗಳು ಎಂಬುದನ್ನು ಮರೆತು ಕ್ಯಾಮೆರಾ ಎತ್ತುವುದರಿಂದಲೇ ಹೆಚ್ಚಾಗಿ ಹೀಗಾಗುತ್ತದೆ. ಯಾವ ಹೊತ್ತಿಗೆ ಯಾವ ಕೆಲಸ ಎಲ್ಲಿ ನಡೆಯುತ್ತದೆ, ಆ ಹೊತ್ತಿಗೆ ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂಬುದನ್ನು ಮೊದಲ ದಿನವೇ ಗಮನಿಸಿಟ್ಟುಕೊಂಡರೆ, ಯಾರನ್ನೂ ಕರೆದು ನಿಲ್ಲಿಸುವ ಪ್ರಮೇಯವಿಲ್ಲದೆ ಒಳ್ಳೆಯ ಚಿತ್ರಗಳು ಸಿಗುತ್ತವೆ. ಈ ಬರಹದ ಉಳಿದ ಸಲಹೆಗಳೆಲ್ಲ ಈ ಒಂದು ಮಾತಿನ ವಿಸ್ತರಣೆ.

ಚಳಿಗಾಲದ ಛಾಯಾಗ್ರಹಣದ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಹಿಮ ಬೀಳುವ ದೇಶಗಳಿಗಾಗಿ ಬರೆದಂಥವು. ಬ್ಯಾಟರಿಯನ್ನು ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಳ್ಳಬೇಕು, ಬೆರಳಿಲ್ಲದ ಕೈಗವಸು ತೊಡಬೇಕು ಎಂಬ ಮಾತುಗಳನ್ನು, ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 12ರಿಂದ 16 ಡಿಗ್ರಿಯ ಆಸುಪಾಸಿನಲ್ಲಿರುವ ಮಲೆನಾಡಿನಲ್ಲಿ ಧಾರಾಳವಾಗಿ ಬದಿಗಿಡಬಹುದು. ಇಲ್ಲಿ ಕಾಡುವುದು ತೇವ. ಮುಂಜಾನೆ ಗದ್ದೆಯ ಬದುವಿನಲ್ಲಿ ಗಂಟೆಹೊತ್ತು ತಣ್ಣಗಾದ ಕ್ಯಾಮೆರಾವನ್ನು ನೇರವಾಗಿ ಅಡುಗೆಮನೆಯ ಅಥವಾ ಬಚ್ಚಲುಮನೆಯ ಹಬೆಯೊಳಗೆ ಒಯ್ದರೆ ಗಾಜಿನ ಮೇಲೆ ನೀರಿನ ಪಸೆ ಕಟ್ಟುತ್ತದೆ, ಅದು ಒಳಗಿನ ಗಾಜುಗಳಿಗೂ ಇಳಿದರೆ ಮುಂದೆ ಬೂಷ್ಟು ಹಿಡಿಯುತ್ತದೆ. ಹೊರಗಿರುವಾಗಲೇ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಜಗಲಿಯಲ್ಲಿ ಅರ್ಧ ಗಂಟೆ ಬಿಟ್ಟರೆ ಪಸೆ ಚೀಲದ ಹೊರಮೈಗೆ ಕಟ್ಟಿ ಕ್ಯಾಮೆರಾ ಒಣಗಿಯೇ ಉಳಿಯುತ್ತದೆ. ಕರೆಂಟ್ ಹೋಗುವುದು ಮಾಮೂಲಿಯಾದ ಊರಿಗೆ ಪವರ್ ಬ್ಯಾಂಕ್ ಒಯ್ಯಬೇಕೆಂದು ಬೇರೆ ಹೇಳಬೇಕಿಲ್ಲ.

ಮಂಜು ಬೀಳುವ ಬೆಳಗು

ಹಗಲು ಬಿಸಿಲಿದ್ದು, ಸಂಜೆ ಆಕಾಶ ತಿಳಿಯಾಗಿ, ಗಾಳಿ ನಿಂತುಹೋಗಿದ್ದರೆ ಮರುದಿನ ಬೆಳಿಗ್ಗೆ ಮಂಜು ಬೀಳುವ ಸಂಭವ ಹೆಚ್ಚು. ಮೋಡದ ಹೊದಿಕೆಯಿಲ್ಲದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ, ತಣ್ಣಗಾಗಿ ಭಾರವಾದ ಗಾಳಿ ಇಳಿಜಾರಿನಲ್ಲಿ ಜಾರಿ ಕಣಿವೆಯ ತಳ ಸೇರುತ್ತದೆ, ಅಲ್ಲಿನ ಗದ್ದೆ, ಕೆರೆ, ಹಳ್ಳಗಳ ತೇವ ಅದರೊಳಗೆ ಮಂಜಾಗಿ ಕಟ್ಟುತ್ತದೆ. ಆದ್ದರಿಂದ ಮಂಜಿನ ಒಳಗೆ ನಿಲ್ಲಬೇಕೋ ಮೇಲೆ ನಿಲ್ಲಬೇಕೋ ಎಂಬುದನ್ನು ಹಿಂದಿನ ಸಂಜೆಯೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ. ಕುಂದಾದ್ರಿ, ಕವಲೇದುರ್ಗದಂಥ ಎತ್ತರಗಳಿಂದ ಕಣಿವೆಯೆಲ್ಲ ಬಿಳಿಯ ಕೆರೆಯಂತೆ ಕಾಣುವುದು ನಿಜ, ಆದರೆ ಹೆಚ್ಚಿನ ಮನೆಗಳ ಹಿಂದೆಯೇ ಇರುವ ಬ್ಯಾಣವನ್ನು (ಹುಲ್ಲು ಬೆಳೆಯುವ ದಿಬ್ಬವನ್ನು) ಹತ್ತಿದರೂ ತೋಟದ ತಲೆಗಳು ಮಾತ್ರ ಮಂಜಿನಿಂದ ಮೇಲೆದ್ದು ನಿಂತ ನೋಟ ಸಿಗುತ್ತದೆ, ಅದರಲ್ಲಿ ನಿಮ್ಮ ಮನೆಯ ಹೆಂಚಿನ ಮಾಡೂ ಇರುತ್ತದೆ. ಪ್ರವಾಸಿ ತಾಣದ ಚಿತ್ರ ಸಾವಿರ ಜನರ ಬಳಿ ಇರುವಂಥದ್ದು, ಇದು ನಿಮ್ಮೊಬ್ಬರದು. ಆಗುಂಬೆಯ ಸೂರ್ಯಾಸ್ತವನ್ನೂ ನಾನು ಇದೇ ಕಾರಣಕ್ಕೆ ಪಟ್ಟಿಯ ಕೊನೆಗೆ ತಳ್ಳುತ್ತೇನೆ.

ಈ ದಿನಗಳಲ್ಲಿ ಸಾಗರದ ಸುತ್ತಮುತ್ತ ಸೂರ್ಯ ಹುಟ್ಟುವುದು 6.50ರಿಂದ 7 ಗಂಟೆಯೊಳಗೆ, ಮುಳುಗುವುದು 6.10ರಿಂದ 6.20ರೊಳಗೆ. ಹುಟ್ಟುವ ದಿಕ್ಕು ನೇರ ಪೂರ್ವವಾಗಿರದೆ ಸುಮಾರು 24 ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿದಿರುತ್ತದೆ, ಬೇಸಿಗೆ ರಜೆಯಲ್ಲಿ ಬಿಸಿಲು ಬಿದ್ದ ಜಾಗವನ್ನು ನೆನಪಿಟ್ಟುಕೊಂಡು ಈಗ ಅಲ್ಲಿ ಹೋಗಿ ಕಾದರೆ ನಿರಾಶೆಯಾಗುವುದು ಇದರಿಂದಲೇ. ಆರೂಕಾಲಿಗೆಲ್ಲ ಜಾಗಕ್ಕೆ ತಲುಪಿದರೆ ಸೂರ್ಯೋದಯಕ್ಕೆ ಮುಂಚಿನ ನೀಲಿ ಬೆಳಕೂ ಸಿಗುತ್ತದೆ. ಆಗ ಕೈಯಲ್ಲಿ ಹಿಡಿದು ತೆಗೆದ ಚಿತ್ರ ಅಲುಗುವುದರಿಂದ ಟ್ರೈಪಾಡ್ ಬೇಕು, ಇಲ್ಲದಿದ್ದರೆ ಬೇಲಿಯ ಗೂಟದ ಮೇಲೆ ಫೋನನ್ನು ಒರಗಿಸಿ ಎರಡು ಸೆಕೆಂಡಿನ ಟೈಮರ್ ಹಾಕಿದರೂ ಕೆಲಸ ನಡೆಯುತ್ತದೆ.

ಮಂಜು ಬೂದಾಗಿ ಬರುವುದಕ್ಕೆ ಕ್ಯಾಮೆರಾದ ಲೆಕ್ಕಾಚಾರವೇ ಕಾರಣ. ಎದುರಿಗಿರುವ ದೃಶ್ಯದ ಸರಾಸರಿ ಹೊಳಪು ನಡುಮಟ್ಟದ ಬೂದು ಎಂದು ಎಣಿಸಿಕೊಂಡು ಕ್ಯಾಮೆರಾ ಬೆಳಕನ್ನು ಅಳೆಯುತ್ತದೆ. ಚೌಕಟ್ಟು ತುಂಬ ಬಿಳಿ ಮಂಜೇ ಇದ್ದಾಗ ಅದು ಬೆಳಕು ಹೆಚ್ಚಾಯಿತೆಂದು ತಿಳಿದು ಕತ್ತಲಾಗಿಸುತ್ತದೆ. ಎಕ್ಸ್‌ಪೋಷರನ್ನು ಮುಕ್ಕಾಲರಿಂದ ಒಂದು ಸ್ಟಾಪ್‌ವರೆಗೆ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಹೆಚ್ಚಿಸಿದರೆ ಮಂಜು ಮಂಜಿನಂತೆಯೇ ಬರುತ್ತದೆ. ಫೋನಿನಲ್ಲಾದರೆ ಪರದೆಯನ್ನು ಮುಟ್ಟಿದಾಗ ಕಾಣುವ ಸೂರ್ಯನ ಗುರುತನ್ನು ತುಸು ಮೇಲಕ್ಕೆ ಎಳೆದರಾಯಿತು. ಹಿಮದ ನಾಡಿನವರು ಹೇಳುವ ಎರಡು ಸ್ಟಾಪ್ ಇಲ್ಲಿ ಅತಿಯಾಗುತ್ತದೆ. ಮಂಜಿನಲ್ಲಿ ಫೋಕಸ್ ಹುಡುಕಾಡುವುದೂ ಸಾಮಾನ್ಯ, ಆಗ ಒಂದು ಕಾಂಡ, ಬೇಲಿ, ನಿಂತ ಮನುಷ್ಯ, ಹೀಗೆ ಅಂಚು ಸ್ಪಷ್ಟವಾಗಿರುವ ವಸ್ತುವಿನ ಮೇಲೆ ಫೋಕಸ್ ಮಾಡಿ ಅದನ್ನು ಅಲ್ಲಿಗೇ ಲಾಕ್ ಮಾಡಬೇಕು. ಅಂಥ ಕಪ್ಪು ಆಕಾರವೊಂದು ಚಿತ್ರದಲ್ಲಿ ಇರಲೂ ಬೇಕು, ಏಕೆಂದರೆ ಮಂಜು ಎಷ್ಟು ದಟ್ಟವಾಗಿದೆ ಎಂಬುದು ನೋಡುವವರಿಗೆ ತಿಳಿಯುವುದು ಅದರಲ್ಲಿ ಕರಗುತ್ತಿರುವ ವಸ್ತುವಿನಿಂದ. ಹಾಲು ಕೊಡಲು ಹೊರಟವರು, ಕೊಟ್ಟಿಗೆಯಿಂದ ಹೊರಬಿಟ್ಟ ದನಗಳು ತಾವಾಗಿಯೇ ಆ ದಾರಿಯಲ್ಲಿ ಬರುತ್ತವೆ, ಚೌಕಟ್ಟನ್ನು ಮೊದಲೇ ಹೊಂದಿಸಿಟ್ಟುಕೊಂಡು ಕಾಯುವುದಷ್ಟೇ ನಿಮ್ಮ ಕೆಲಸ.

ಬೆಟ್ಟಗಳ ಸಾಲನ್ನು ಒಂದರ ಹಿಂದೊಂದು ತೆಳುವಾಗುತ್ತ ಹೋಗುವ ಪದರಗಳಾಗಿ ತೋರಿಸಬೇಕಿದ್ದರೆ ಅಗಲ ಕೋನದ ಲೆನ್ಸನ್ನು ಬಿಟ್ಟು 100ರಿಂದ 200 ಮಿ.ಮೀ. ಲೆನ್ಸನ್ನೋ ಫೋನಿನ ಮೂರು ಪಟ್ಟಿನ ಲೆನ್ಸನ್ನೋ ಬಳಸಬೇಕು. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆಯಿಂದ ಪಡುವಣಕ್ಕೆ ಕಾಣುವ 1,343 ಮೀಟರ್ ಎತ್ತರದ ಕೊಡಚಾದ್ರಿ ಸಂಜೆಯ ಹೊತ್ತಿನಲ್ಲಿ ಹೀಗೆ ಚೆನ್ನಾಗಿ ಬರುತ್ತದೆ. ಶರಾವತಿ ಹಿನ್ನೀರಿನ ದಡದಲ್ಲಿ ಬೇರೆಯದೇ ಬಗೆಯ ಮಂಜು ಏಳುತ್ತದೆ: ಗಾಳಿಗಿಂತ ಬೆಚ್ಚಗಿರುವ ನೀರಿನಿಂದ ಹಬೆಯ ಎಳೆಗಳು ಮೇಲೇಳುತ್ತವೆ, ಬಿಸಿಲು ಅವುಗಳ ಹಿಂದಿನಿಂದ ಬಂದರೆ ಮಾತ್ರ ಕಾಣುತ್ತವೆ. ಹೊನ್ನೇಮರಡುವಿನ ಕಡೆ ಹೋಗುವವರು ಸೂರ್ಯನಿಗೆ ಎದುರಾಗಿ ನಿಲ್ಲುವ ದಡವನ್ನು ಆರಿಸಿಕೊಳ್ಳಬೇಕು.

ಅಡಿಕೆ ತೋಟದೊಳಗಿನ ಮಾತೇ ಬೇರೆ. ತೋಟಗಳು ಕಣಿವೆಯ ತಳದಲ್ಲಿರುವುದರಿಂದ ಬಿಸಿಲು ಅಲ್ಲಿಗೆ ಇಳಿಯುವಾಗ ಎಂಟೂವರೆಯಾದರೂ ಆಗುತ್ತದೆ. ಅಷ್ಟು ಹೊತ್ತಿಗೆ ಮಂಜು ಸಡಿಲವಾಗುತ್ತಿರುತ್ತದೆ, ಸೋಗೆಗಳ ನಡುವಿನಿಂದ ಬಿಸಿಲುಕೋಲುಗಳು ಬೀಳುತ್ತವೆ. ಇಡೀ ರಜೆಯಲ್ಲಿ ಭೂದೃಶ್ಯಕ್ಕೆಂದು ಒಂದೇ ಹೊತ್ತನ್ನು ಮೀಸಲಿಡುವಿರಾದರೆ ಈ ಅರ್ಧ ಗಂಟೆಯನ್ನು ಇಡಿ ಎಂದು ಹೇಳುವೆ. ಸೂರ್ಯನನ್ನು ಒಂದು ಮರದ ಕಾಂಡದ ಹಿಂದೆ ಅಡಗಿಸಿಕೊಂಡು, ಈಗ ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಬೇಕು. ಮಂಜಿನ ಬಯಲಿನಲ್ಲಿ ಮಾಡಿದ್ದಕ್ಕೆ ಇದು ತಿರುಗುಮುರುಗು, ಏಕೆಂದರೆ ಇಲ್ಲಿ ಚೌಕಟ್ಟಿನ ಹೆಚ್ಚು ಪಾಲು ಕತ್ತಲು. ಕೋಲುಗಳ ಬಿಳುಪು ಉಳಿದರೆ ನೆರಳಿನ ಭಾಗವನ್ನು ಆಮೇಲೆ ರಾ ಫೈಲಿನಿಂದ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಕಡತದಿಂದ) ಎತ್ತಿಕೊಳ್ಳಬಹುದು. ಸುಟ್ಟುಹೋದ ಬಿಳುಪು ಮಾತ್ರ ಮತ್ತೆ ಬಾರದು. ಇಬ್ಬನಿ ತುಂಬಿದ ಜೇಡರ ಬಲೆಗಳು ಕಾಫಿ ಗಿಡಗಳ ನಡುವೆ, ಬೇಲಿಯ ಮೇಲೆ ಹೇರಳವಾಗಿ ಸಿಗುತ್ತವೆ. ಗಾಳಿ ಏಳುವ ಮೊದಲು, ಹಿಂದೆ ಕಪ್ಪು ನೆರಳು ಬರುವಂತೆ ನಿಂತು ಅವನ್ನು ತೆಗೆಯಬೇಕು.

ನಡುಹಗಲನ್ನು ಬಿಟ್ಟುಬಿಡಬೇಡಿ

ಬೆಳಿಗ್ಗೆ ಒಂಬತ್ತರ ನಂತರ ಸಂಜೆ ನಾಲ್ಕರವರೆಗೆ ಕ್ಯಾಮೆರಾ ಮುಟ್ಟಬಾರದು ಎಂಬ ನಿಯಮವನ್ನು ಹಲವರು ಕಣ್ಣುಮುಚ್ಚಿ ಪಾಲಿಸುತ್ತಾರೆ. ಏಪ್ರಿಲ್ ಕೊನೆಯಲ್ಲಿ ಸೂರ್ಯ ನೆತ್ತಿಯ ಮೇಲೆಯೇ ನಿಲ್ಲುವ ನಮ್ಮ ಅಕ್ಷಾಂಶದಲ್ಲಿ ಅದು ಬೇಸಿಗೆಗೆ ಒಪ್ಪುವ ನಿಯಮ. ಡಿಸೆಂಬರ್ ಕೊನೆಯಲ್ಲಿ ಸಾಗರದಲ್ಲಿ ಸೂರ್ಯ ಮಧ್ಯಾಹ್ನ ಹನ್ನೆರಡೂವರೆಗೂ ಸುಮಾರು 52 ಡಿಗ್ರಿಗಿಂತ ಮೇಲೇರುವುದಿಲ್ಲ, ನಿಂತ ಮನುಷ್ಯನ ನೆರಳು ಆಗಲೂ ಅವನ ಎತ್ತರದ ಮುಕ್ಕಾಲು ಭಾಗಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ದಕ್ಷಿಣಕ್ಕೆ ಬಾಗಿಲು, ಕಿಟಕಿ ಇರುವ ಕೋಣೆಗಳಲ್ಲಿ ಈ ದಿನಗಳ ಬಿಸಿಲು ನೆಲದ ಮೇಲೆ ಒಳಗಿನವರೆಗೆ ಚಾಚಿಕೊಳ್ಳುತ್ತದೆ, ಅಲ್ಲಿಂದ ಪ್ರತಿಫಲಿಸಿದ ಮೆತ್ತನೆಯ ಬೆಳಕು ಮುಖಗಳನ್ನು ಬೆಳಗುತ್ತದೆ. ಅಡುಗೆಮನೆಯ ಮಾಡಿನಲ್ಲಿ ಗಾಜಿನ ಹೆಂಚು ಇದ್ದರಂತೂ ಒಲೆಯ ಹೊಗೆಯಲ್ಲಿ ಆ ಬೆಳಕು ಕಂಬದಂತೆ ನಿಲ್ಲುತ್ತದೆ. ಅದು ಎಷ್ಟು ಗಂಟೆಗೆ ಯಾವ ಜಾಗಕ್ಕೆ ಬೀಳುತ್ತದೆ ಎಂದು ಒಂದು ದಿನ ನೋಡಿಟ್ಟುಕೊಂಡರೆ ಮರುದಿನ ಅಲ್ಲಿಗೆ ಅಜ್ಜಿಯೋ ಅತ್ತೆಯೋ ತೆಂಗಿನಕಾಯಿ ತುರಿಯಲು ಬಂದು ಕೂರುವ ಹೊತ್ತಿಗೆ ನೀವು ಎದುರಿಗೆ ತಯಾರಾಗಿರಬಹುದು. ಮಡಿಯಲ್ಲಿ ಅಡುಗೆ ನಡೆಯುವ ಮನೆಯಾದರೆ ಹೊಸ್ತಿಲಿನ ಈಚೆಯೇ ನಿಂತು ತೆಗೆಯಬೇಕಾಗುತ್ತದೆ, ಬಾಗಿಲ ಚೌಕಟ್ಟು ಆಗ ಚಿತ್ರದ ಚೌಕಟ್ಟೂ ಆಗುತ್ತದೆ.

ಕೊಯ್ಲು, ಸುಲಿತ, ಹಂಡೆ

ಅಡಿಕೆ ಗೊನೆ ಕೊಯ್ಯುವ ಕೊನೆಗಾರ ಮರದ ಮೇಲಿರುವಾಗ ಕೆಳಗಿನಿಂದ ನೇರ ಮೇಲಕ್ಕೆ ತೆಗೆದ ಚಿತ್ರದಲ್ಲಿ ಬಿಳಿ ಆಕಾಶ ಮತ್ತು ಕಪ್ಪು ಆಕೃತಿಯ ಹೊರತು ಏನೂ ಉಳಿಯುವುದಿಲ್ಲ, ಮೇಲಾಗಿ ಅದು ಅಪಾಯದ ಜಾಗ. ಇಳಿಜಾರಿನ ಮೇಲ್ಭಾಗದಲ್ಲಿ, ಅಂದರೆ ತೋಟದ ಅಂಚಿನ ಧರೆಯ ಮೇಲೆ ನಿಂತರೆ ನೀವೂ ಸ್ವಲ್ಪ ಎತ್ತರಕ್ಕೆ ಬರುತ್ತೀರಿ, ಹಿನ್ನೆಲೆಗೆ ಆಕಾಶದ ಬದಲು ಹಸಿರು ಬರುತ್ತದೆ. ಅವರು ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಕ್ಷಣಕ್ಕೆ 1/500 ಸೆಕೆಂಡಿನ ಶಟರ್ ವೇಗ ಬೇಕು. ಕೊನೆ (ಅಡಿಕೆ ಗೊನೆ) ಹಗ್ಗದಲ್ಲಿ ಜಾರಿ ಬರುವ ದಾರಿಯಿಂದಲೂ, ಕೆಳಗೆ ಅದನ್ನು ಹಿಡಿಯುವವರ ಕಾಲ ಬಳಿಯಿಂದಲೂ ದೂರವಿರಬೇಕು. ಮೇಲಿರುವವರನ್ನು ಕೂಗಿ ಕರೆದು ಕ್ಯಾಮೆರಾದತ್ತ ನೋಡಿಸುವುದನ್ನು ಯಾವ ಕಾರಣಕ್ಕೂ ಮಾಡಬಾರದು. ಕೆಲಸಕ್ಕೆ ಬಂದವರ ಚಿತ್ರ ತೆಗೆಯುವ ಮುನ್ನ ಅವರನ್ನೇ ಕೇಳಬೇಕು, ಮನೆಯ ಯಜಮಾನರ ಒಪ್ಪಿಗೆ ಅದಕ್ಕೆ ಸಾಲದು.

ಅಡಿಕೆ ಸುಲಿಯುವ ಯಂತ್ರಗಳು ಬಂದಿದ್ದರೂ ಅನೇಕ ಮನೆಗಳಲ್ಲಿ ಸಂಜೆಯ ನಂತರ ಅಂಗಳದ ಚಪ್ಪರದಡಿ ಮೆಟ್ಟುಗತ್ತಿ (ಕಾಲಿನಿಂದ ಮೆಟ್ಟಿ ಹಿಡಿಯುವ ಕತ್ತಿ) ಹಾಕಿಕೊಂಡು ಕೂರುವ ಪದ್ಧತಿ ಇನ್ನೂ ಇದೆ. ಮನೆಯವರು, ನೆರೆಯವರು, ಕೆಲಸದವರು ಒಟ್ಟಿಗೆ ಕೂತು ಮಾತಾಡುತ್ತ ಸುಲಿಯುವ ಈ ಹೊತ್ತು ಕುಟುಂಬದ ಚಿತ್ರಕ್ಕೆ ಬಲು ಹದವಾದುದು, ಬೆಳಕಿನ ದೃಷ್ಟಿಯಿಂದ ಮಾತ್ರ ಕಷ್ಟದ್ದು. ತಲೆಯ ಮೇಲೆ ತೂಗುವ ಒಂದು ಬಲ್ಬು ಕಣ್ಣುಗಳ ಕುಳಿಯಲ್ಲಿ ನೆರಳು ತುಂಬುತ್ತದೆ. ಬಲ್ಬನ್ನು ಒಂದು ಬದಿಗೆ ಸರಿಸಿ ತುಸು ಕೆಳಗೆ ಕಟ್ಟಲು ಸಾಧ್ಯವೇ ಎಂದು ಕೇಳಿ ನೋಡಿ, ಸುಲಿಯುವವರ ಕಣ್ಣಿಗೂ ಕೈಗೂ ತೊಂದರೆಯಾಗದಿದ್ದರೆ ಯಾರೂ ಬೇಡವೆನ್ನಲಾರರು. ಆಗದಿದ್ದರೆ ಬಲ್ಬಿನಿಂದ ಕೊಂಚ ದೂರ ಕೂತವರನ್ನು ಆರಿಸಿಕೊಳ್ಳಬೇಕು, ಅವರ ಮುಖಕ್ಕೆ ಬೆಳಕು ಓರೆಯಾಗಿ ಬೀಳುತ್ತದೆ. ಐಎಸ್‌ಒ (ಬೆಳಕಿನ ಸಂವೇದನೆ) 3200, ಅಪರ್ಚರ್ (ಲೆನ್ಸಿನ ಬೆಳಕಿಂಡಿ) ಎಫ್ 2.8 ಅಥವಾ ಅದಕ್ಕೂ ಅಗಲ, ಶಟರ್ ವೇಗ 1/60 ಇಟ್ಟುಕೊಂಡು ಶುರುಮಾಡಬಹುದು. ಕೈಗಳು ತುಸು ಅಲುಗಿದಂತೆ ಬಂದರೆ ಅದು ದೋಷವಾಗಬೇಕಿಲ್ಲ, ಮುಖ ಸ್ಥಿರವಾಗಿದ್ದರೆ ಸಾಕು. ಫ್ಲ್ಯಾಶ್ ಮಾತ್ರ ಖಂಡಿತ ಬೇಡ. ಹರಿತವಾದ ಕತ್ತಿಯ ಅಲಗಿಗೆ ಅಡಿಕೆ ಒತ್ತುತ್ತಿರುವವರ ಕಣ್ಣಿಗೆ ಫಳ್ಳನೆ ಬೆಳಕು ಹೊಡೆದರೆ ಬೆರಳು ಹೋಗುತ್ತದೆ.

ಅಡಿಕೆ ಬೇಯಿಸುವ ಹಂಡೆಯ ಮುಂದೆ, ಬಚ್ಚಲ ಒಲೆಯ ಮುಂದೆ ಬೆಂಕಿಯೇ ಬೆಳಕು. ಚಳಿ ಕಾಯಿಸಲು ಒಲೆಯೆದುರು ಮುದುರಿ ಕುಳಿತ ಮಗುವಿನ ಮುಖದ ಕೆಂಪು ಬಣ್ಣವನ್ನು ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ (ಬಣ್ಣವನ್ನು ತಾನೇ ಹೊಂದಿಸುವ ವ್ಯವಸ್ಥೆ) ತಪ್ಪೆಂದು ಬಗೆದು ತೊಳೆದುಬಿಡುತ್ತದೆ, ಆದ್ದರಿಂದ ಅದನ್ನು ಹಗಲು ಬೆಳಕಿಗೆ ಹೊಂದಿಸಿಟ್ಟು, ಕೋಣೆಯಲ್ಲಿ ಉರಿಯುತ್ತಿರುವ ಟ್ಯೂಬ್‌ಲೈಟನ್ನು ಆರಿಸಬೇಕು. ನೀಲಿ ಛಾಯೆಯ ಟ್ಯೂಬ್‌ಲೈಟು ಮತ್ತು ಬೆಂಕಿ ಒಂದೇ ಮುಖದ ಮೇಲೆ ಕೂಡಿದರೆ ಯಾವ ತಿದ್ದುಪಡಿಯೂ ಅದನ್ನು ಸರಿಪಡಿಸಲಾರದು. ಫೋನಿನ ನೈಟ್ ಮೋಡ್ ಹಲವು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಬೆಳಕು ಕೂಡಿಸುವ ವಿಧಾನವಾದ್ದರಿಂದ ನಿಂತ ವಸ್ತುಗಳಿಗೆ ಚೆನ್ನ, ಅತ್ತಿತ್ತ ಹೊರಳುವ ಮಕ್ಕಳಿಗೆ ಒಗ್ಗದು. ಅಡಿಕೆ ಬೇಯುವಾಗ ಏಳುವ ಹಬೆಯನ್ನು ತೋರಿಸಲು ಹಿಂದೆ ಕಪ್ಪು ಗೋಡೆ, ಬದಿಯಿಂದ ಅಥವಾ ಹಿಂದಿನಿಂದ ಬೆಳಗಿನ ಬಿಸಿಲು ಇರುವಂತೆ ನಿಲ್ಲಬೇಕು. ಅಡಿಕೆ ಬೇಯಿಸಿದ ಕಂದು ರಸವಾದ ಚೊಗರಿನ ಹನಿ ಬಟ್ಟೆಗೂ ಲೆನ್ಸಿಗೂ ಹಾರದಷ್ಟು ದೂರ ಇರಲಿ.

ಮನೆಯವರೆಲ್ಲ ಸೇರಿದಾಗ

ಗುಂಪಿನ ಚಿತ್ರ ಬೇಡವೆಂದು ನಾನು ಹೇಳುವುದಿಲ್ಲ, ಹಿರಿಯರಿಗೆ ಅದೇ ಮುಖ್ಯ. ಒಂದೇ ಒಂದನ್ನು ಸರಿಯಾಗಿ ತೆಗೆಯಿರಿ. ಬಿಸಿಲಿಗೆ ಮುಖ ಕೊಟ್ಟು ಕಣ್ಣು ಕಿರಿದು ಮಾಡಿಸುವುದಕ್ಕಿಂತ, ಮನೆಯ ನೆರಳು ಅಂಗಳಕ್ಕೆ ಬಿದ್ದಿರುವ ಹೊತ್ತಿನಲ್ಲಿ ಜಗಲಿಯನ್ನೂ ಮೆಟ್ಟಿಲನ್ನೂ ಬಳಸಿಕೊಳ್ಳುವುದು ಲೇಸು: ಹಿರಿಯರು ಜಗಲಿಯ ಮೇಲೆ, ಮಕ್ಕಳು ಮೆಟ್ಟಿಲ ಮೇಲೆ, ಉಳಿದವರು ಕಂಬಗಳಿಗೆ ಒರಗಿಕೊಂಡು. ಅಗಲ ಕೋನದ ಲೆನ್ಸ್ ಅಂಚಿನಲ್ಲಿ ನಿಂತವರನ್ನು ಉಬ್ಬಿಸುತ್ತದೆ, ಹಾಗಾಗಿ ಹಿಂದೆ ಸರಿದು ನಿಲ್ಲಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸಿದ್ದರೆ ಆರು ಮೀಟರ್ ದೂರದಿಂದ ಸುಮಾರು ನಾಲ್ಕು ಮೀಟರ್ ಅಗಲದ ಗುಂಪು ಹಿಡಿಯುತ್ತದೆ. ಎರಡು ಮೂರು ಸಾಲುಗಳಿರುವಾಗ ಎಫ್ 5.6 ಅಥವಾ ಎಫ್ 8 ಇಡದಿದ್ದರೆ ಹಿಂದಿನ ಸಾಲು ಮಸುಕಾಗುತ್ತದೆ. ಒಬ್ಬರಲ್ಲ ಒಬ್ಬರು ಕಣ್ಣು ಮುಚ್ಚುವುದರಿಂದ ಒಂದೇ ಸಲಕ್ಕೆ ಎಂಟು ಹತ್ತು ಚಿತ್ರ ಒತ್ತಬೇಕು. ಎಲ್ಲರೂ ಮುಗಿಯಿತೆಂದು ಎದ್ದು, ಒಬ್ಬರನ್ನೊಬ್ಬರು ನೋಡಿ ನಗುವ ಆ ಮುಂದಿನ ಅರ್ಧ ನಿಮಿಷದಲ್ಲಿ ಕ್ಯಾಮೆರಾ ಕೆಳಗಿಳಿಸಬೇಡಿ. ಗೋಡೆಗೆ ಹಾಕುವ ಚಿತ್ರ ಮೊದಲಿನದಾದರೆ, ಮತ್ತೆ ಮತ್ತೆ ನೋಡುವ ಚಿತ್ರ ಸಾಮಾನ್ಯವಾಗಿ ಈ ಎರಡನೆಯದು.

ಮಕ್ಕಳ ಚಿತ್ರಕ್ಕೆ ನೆಲದ ಮಟ್ಟಕ್ಕೆ ಇಳಿಯಬೇಕು, 1/500ಕ್ಕಿಂತ ನಿಧಾನದ ಶಟರ್ ಇಡಬಾರದು. ವಯಸ್ಸಾದವರ ಕನ್ನಡಕದಲ್ಲಿ ಕಿಟಕಿ ಪ್ರತಿಫಲಿಸಿದರೆ ಅವರನ್ನು ಅಲುಗಿಸದೆ ನೀವೇ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ.

ಮನೆಯಲ್ಲಿ ಎಲ್ಲರೂ ಇರುವ ಈ ದಿನಗಳಲ್ಲೇ ಗೋಡೆಯ ಮೇಲಿನ, ಟ್ರಂಕಿನೊಳಗಿನ ಹಳೆಯ ಫೋಟೋಗಳನ್ನು ನಕಲು ಮಾಡಿಕೊಳ್ಳುವುದು ಜಾಣತನ. ಸಾಧ್ಯವಾದರೆ ಚೌಕಟ್ಟಿನಿಂದ ಬಿಡಿಸಿ, ಗಾಜಿಗೆ ಅಂಟಿದ್ದರೆ ಎಳೆಯದೆ ಹಾಗೆಯೇ ಇಟ್ಟು, ಜಗಲಿಯ ನೆರಳಿನಲ್ಲಿ ನೆಲದ ಮೇಲೆ ಹಾಸಿದ ಕಪ್ಪು ಬಟ್ಟೆಯ ಮೇಲಿಟ್ಟು, ಕ್ಯಾಮೆರಾ ಅದಕ್ಕೆ ಸಮಾನಾಂತರವಾಗಿರುವಂತೆ ಮೇಲಿನಿಂದ ತೆಗೆಯಬೇಕು. ಗಾಜಿನ ಮೇಲೆ ಆಕಾಶದ ಹೊಳಪು ಕಂಡರೆ ಇನ್ನೊಬ್ಬರು ಆ ಕಡೆ ಕಪ್ಪು ಕಂಬಳಿ ಹಿಡಿಯಲಿ. ಚಿತ್ರದಲ್ಲಿರುವವರು ಯಾರು, ಯಾವ ಮದುವೆ, ಯಾವ ಊರು ಎಂದು ಅಜ್ಜಿ ಅಜ್ಜ ಹೇಳುವುದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಅದೇ ಕಡತದ ಜೊತೆ ಇಟ್ಟರೆ ಹೆಸರುಗಳು ಕಳೆದುಹೋಗುವುದಿಲ್ಲ. ಸಿಗಂದೂರಿನ ದಾರಿಯಲ್ಲಿ ಶರಾವತಿ ಹಿನ್ನೀರು ದಾಟಲು ಲಾಂಚ್ ಹತ್ತುತ್ತಿರುವ ಹಳೆಯ ಚಿತ್ರವಿದ್ದರೆ ಅದನ್ನು ಮರೆಯದೆ ತೆಗೆದುಕೊಳ್ಳಿ: 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ದಾಟುವಿಕೆಯ ರೀತಿಯೇ ಬದಲಾಗಿದೆ.

ಊರು ಬಯಲುಸೀಮೆಯದಾದರೆ ಸಂದರ್ಭಗಳು ಬೇರೆ, ಲೆಕ್ಕ ಇದೇ. ಕಲಬುರಗಿ, ವಿಜಯಪುರದ ಕಡೆ ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ (ಭೂತಾಯಿಗೆ ನೈವೇದ್ಯವನ್ನು ಹೊಲದಲ್ಲಿ ಎರಚಿ) ಜೋಳದ ಬೆಳೆಯ ನಡುವೆ ಉಣ್ಣುವಾಗ ಬಿಸಿಲು ನೇರವಾಗಿರುತ್ತದೆ, ಬೆಳೆಯ ನೆರಳಿನ ಅಂಚಿನಲ್ಲಿ ಕೂತವರನ್ನು ತೆಗೆಯಬೇಕು. ಮಂಡ್ಯ, ಮೈಸೂರಿನ ಕಡೆ ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವಾಗ ಅವು ಓಡಿಬರುವ ದಾರಿಯ ಬದಿಗೆ, ಪಡುವಣದ ಉಳಿದ ಬೆಳಕು ಹಿಂದೆ ಬರುವಂತೆ ನಿಂತು, ಜ್ವಾಲೆಗೆ ತಕ್ಕಂತೆ ಎಕ್ಸ್‌ಪೋಷರನ್ನು ಮೊದಲೇ ಲಾಕ್ ಮಾಡಿರಬೇಕು. ಹಸುಗಳು ಮೊದಲೇ ಬೆದರಿರುತ್ತವೆ, ಅಲ್ಲಿಯೂ ಫ್ಲ್ಯಾಶ್ ಸಲ್ಲದು.

ದಿನದ ಚಿತ್ರಗಳನ್ನು ರಾತ್ರಿಯೇ ಇನ್ನೊಂದು ಕಡೆಗೆ ನಕಲು ಮಾಡಿಕೊಳ್ಳಿ, ಅಳಿಸುವ ಕೆಲಸವನ್ನು ಮಾತ್ರ ರಜೆ ಮುಗಿದ ಮೇಲೆ ಇಟ್ಟುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳುಹಿಸಿದ ಚಿತ್ರ ಕುಗ್ಗಿಹೋಗುವುದರಿಂದ, ಮುದ್ರಿಸಲು ಬೇಕಾದವರಿಗೆ ಡಾಕ್ಯುಮೆಂಟ್ ಆಗಿ ಕಳುಹಿಸಬೇಕು. 12 ಮೆಗಾಪಿಕ್ಸೆಲ್‌ನ ಪೂರ್ತಿ ಕಡತದಿಂದ 8 ಅಂಗುಲಕ್ಕೆ 12 ಅಂಗುಲದ ಮುದ್ರಣ ನಿಚ್ಚಳವಾಗಿ ಬರುತ್ತದೆ. ಕೊನೆಗಾರರಿಗೂ ಸುಲಿಯಲು ಬಂದವರಿಗೂ ಅವರವರ ಚಿತ್ರದ ಒಂದೊಂದು ಪ್ರತಿಯನ್ನು ಅದೇ ಸಲ ಹಾಕಿಸಿಬಿಡುವುದು ಅನುಕೂಲ. ಮನೆಯ ಗೋಡೆಗೆ ಚೌಕಟ್ಟು ಕಟ್ಟಿಸುವಾಗ ಹೊಳಪಿಲ್ಲದ ಕಾಗದವನ್ನು ಆರಿಸಿ, ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ರಟ್ಟಿನ ಅಂಚು ಕೊಡಲು ಹೇಳಿ. ಆ ಅಂತರವಿಲ್ಲದಿದ್ದರೆ ಮಲೆನಾಡಿನ ಮಳೆಗಾಲದ ಥಂಡಿಗೆ ಚಿತ್ರ ಗಾಜಿಗೆ ಅಂಟಿಕೊಳ್ಳುತ್ತದೆ.